ಗವರ್ನರ್ ನಿಂತ ಬಂಡಿ

ಓರ್ವಿಲ್ ಟ್ಯಾಕೆಟ್ ಗಣಿಗೆ ಇಳಿದವನಲ್ಲ. ಎರಡು ಹೇಸರಗತ್ತೆ, ಒಂದು ಬಂಡಿ, ಇಷ್ಟೇ ಅವನ ಆಸ್ತಿ. ಕಣಿವೆಯಲ್ಲಿ ಮನೆ, ಅಂಗಡಿ, ಚರ್ಚು ಎಲ್ಲ ಕಲ್ಲಿದ್ದಲು ಕಂಪನಿಯದು. ಹಾಗಾಗಿ ರಾಜ್ಯದ ಗವರ್ನರ್ ಚುನಾವಣೆಗೆ ನಿಂತ ವಕೀಲ ಎಲ್ಡನ್ ಪ್ರೌಟಿ ಭಾಷಣಕ್ಕೆ ಬಂದಾಗ ಯಾರೂ ಜಾಗ ಕೊಡಲಿಲ್ಲ. ಓರ್ವಿಲ್ ಬಂಡಿ ತಂದು ನಿಲ್ಲಿಸಿದ. ಪ್ರೌಟಿ ಅದರ ಮೇಲೆ ನಿಂತು, ಕಂಪನಿಯ ಬಂದೂಕಿನ ಕಾವಲುಗಾರರನ್ನು ಇಲ್ಲಿಂದ ಓಡಿಸುತ್ತೇನೆ ಅಂದ. ಇಳಿಯುವಾಗ ಓರ್ವಿಲ್‌ನ ಕೈ ಹಿಡಿದು ಹೆಸರು ಕೇಳಿದ. ಮರೆಯುವುದಿಲ್ಲ ಅಂದ. ಗೆದ್ದು ಗವರ್ನರ್ ಆದ.

ಅವತ್ತಿನಿಂದ ಓರ್ವಿಲ್ ಆ ಬಂಡಿಯಲ್ಲಿ ಗೊಬ್ಬರ ಹೇರಲಿಲ್ಲ. ಭಾನುವಾರ ಭಾನುವಾರ ತೊಳೆಯುತ್ತಿದ್ದ. ಹೆಂಡತಿ ಡೆಲ್ಫಿ ಬೈದರೆ ನಗುತ್ತಿದ್ದ.

ಕಾವಲುಗಾರರು ಹೋಗಲಿಲ್ಲ, ಇನ್ನಷ್ಟು ಬಂದರು. ಗಣಿಯವರು ಕೆಲಸ ನಿಲ್ಲಿಸಿದರು. ಕಂಪನಿ ಅವರನ್ನು ಮನೆಗಳಿಂದ ಹೊರಹಾಕಿತು. ಡೆಲ್ಫಿಯ ತಮ್ಮ ಹೋಬರ್ಟ್ ಹೆಂಡತಿ ಮಕ್ಕಳ ಜೊತೆ ಹೊಳೆ ದಂಡೆಯ ಡೇರೆ ಸೇರಿದ.

"ಭಾವ, ನಾವು ನಿನ್ನ ಬಂಡಿಗೇ ಓಟು ಹಾಕಬೇಕಿತ್ತು. ಅದಾದ್ರೂ ಇಲ್ಲೇ ಇದೆ," ಅಂದ ಹೋಬರ್ಟ್.

ಗವರ್ನರಿಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ ಅಂದ ಓರ್ವಿಲ್.

ಮುಟ್ಟಿತ್ತು. ಗವರ್ನರ್ ಕಳಿಸಿದ ಸಿಪಾಯಿಗಳು ರೈಲಿನಲ್ಲಿ ಬಂದಿಳಿದರು. ಅಧಿಕಾರಿಯೊಬ್ಬ ಮನೆಗೆ ಬಂದು, ಗವರ್ನರ್ ಕೆಲಸಕ್ಕೆ ಬಂಡಿ ಬೇಕು ಅಂದ. ಓರ್ವಿಲ್‌ನ ಮುಖ ಅರಳಿತು. ಕಾವಲುಗಾರರ ಗಂಟುಮೂಟೆ ಸಾಗಿಸೋಕೆ ಅಂದುಕೊಂಡ. ಚರ್ಚಿಗೆ ಹೋಗುವ ಅಂಗಿ ಹಾಕಿಕೊಂಡ.

"ಹೋಗಬೇಡ," ಅಂದಳು ಡೆಲ್ಫಿ. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ಬಂದವನು ಅವಳ ಮುಖ ನೋಡಿ ಮಾತಾಡಿರಲಿಲ್ಲ, ಅಷ್ಟೇ.

"ನನ್ನ ಹೆಸರು ನೆನಪಿಟ್ಟಿದ್ದಾರೆ ಕಣೇ."

ಸ್ಟೇಷನ್ನಿನಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಹೇರಿದರು. ಹೊಳೆ ಕಡೆ ಹೊಡಿ ಅಂದರು. ಡೆಲ್ಫಿ ಹಿಂದೆಯೇ ನಡೆದಳು. ಡೇರೆಗಳು ಕಾಣುವ ತಿರುವಿನಲ್ಲಿ ಪೆಟ್ಟಿಗೆ ಬಿಚ್ಚಿದರು. ಪ್ರೌಟಿ ನಿಂತಿದ್ದ ಹಲಗೆಯ ಮೇಲೇ ಮೆಷಿನ್ ಗನ್ ಕೂರಿಸಿದರು. ಕೆಳಗೆ ಹೋಬರ್ಟ್‌ನ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು.

ಇನ್ನೂ ಮುಂದಕ್ಕೆ ಅಂದ ಅಧಿಕಾರಿ. ಓರ್ವಿಲ್ ಲಗಾಮು ಕೆಳಗಿಟ್ಟ. ಇಳಿದು ಹೇಸರಗತ್ತೆಗಳ ಕಟ್ಟು ಬಿಚ್ಚಿದ. ಮತ್ತೆ ಬಂಡಿ ಹತ್ತಿ ಗನ್ನಿಗೆ ಎದುರಾಗಿ ನಿಂತ.

"ಬಂಡಿ ನಂದು ಸ್ವಾಮಿ. ಇದು ಅಲ್ಲಿಗೆ ಹೋಗಲ್ಲ," ಅಂದ. ಮೆತ್ತಗೇ ಅಂದ.

ಅಧಿಕಾರಿ ಎರಡನೇ ಸಲ ಹೇಳಲಿಲ್ಲ. ಸೊಂಟದ ಪಿಸ್ತೂಲು ತೆಗೆದು ಹೊಡೆದ. ಆ ಸದ್ದಿಗೆ ಡೇರೆಯವರೆಲ್ಲ ಗುಡ್ಡಕ್ಕೆ ಓಡಿದರು. ಹೋಬರ್ಟ್‌ನ ಸಂಸಾರ ಉಳಿಯಿತು. ಓರ್ವಿಲ್ ಆ ಹಲಗೆಯ ಮೇಲೇ ಹೋದ.

ಪ್ರೌಟಿಯ ಗವರ್ನರ್‌ಗಿರಿ ಮುಗಿಯಿತು. ಈಗ ವಾಷಿಂಗ್ಟನ್ನಿಗೆ ಹೋಗಲು ಸೆನೆಟ್ ಚುನಾವಣೆಗೆ ನಿಂತ. ಅವನ ಕಡೆಯವನೊಬ್ಬ ಡೆಲ್ಫಿಯ ಮನೆ ಹುಡುಕಿಕೊಂಡು ಬಂದ. ಸಾಹೇಬರು ಮೊದಲು ಮಾತಾಡಿದ ಬಂಡಿ ಇಲ್ಲಿದೆಯಂತೆ, ಅದರ ಮೇಲೇ ನಿಂತರೆ ಜನಕ್ಕೆ ಹಿಡಿಸುತ್ತದೆ ಅಂದ. ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ಡೆಲ್ಫಿ ಕೊಟ್ಟಿಗೆಗೆ ಹೋಗಿ ಬಂಡಿಗೆ ಹೊದಿಸಿದ್ದ ಗೋಣಿಚೀಲ ಎಳೆದಳು. ಹಲಗೆಯ ಮೇಲೆ ಒಣಗಿದ್ದ ರಕ್ತದ ಕಲೆ ನೋಡಿ ಅವನು ಟೋಪಿ ತೆಗೆದ.

"ಒಯ್ಯೋಣ," ಅಂದಳು. "ತೊಳೆಯೋದು ಬೇಡ. ಬಂಡಿ ಹೊಡೆಯೋಳು ನಾನೇ."