ಟೇಪಿನ ಆ ತುದಿ

ಬ್ಯಾಂಕ್ ಸಾಲಕ್ಕೆ ಬರುವ ಮನೆಗಳಿಗೆ ಬೆಲೆ ಕಟ್ಟುವುದು ನಮ್ಮ ಚಿಕ್ಕಪ್ಪನ ಕೆಲಸ. ಚಿಕ್ಕಮ್ಮ ಇರುವವರೆಗೂ ಅಳತೆ ಟೇಪಿನ ಒಂದು ತುದಿ ಅವರ ಕೈಯಲ್ಲೇ ಇರುತ್ತಿತ್ತು. ಅವರು ತೀರಿಕೊಂಡ ಮೇಲೆ ಚಿಕ್ಕಪ್ಪ ಒಬ್ಬರೇ ಹೋಗುತ್ತಿದ್ದರು. ಅಳತೆ ಮುಗಿದ ಮೇಲೆ ಪ್ರತಿ ಕೋಣೆಯಲ್ಲೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೆನ್ನ ಹಿಂದೆ ಯಾರೋ ಇದ್ದಂತೆ ಅನ್ನಿಸಿದರೆ ಸಾಕು, ಬೆಲೆ ಇಳಿಸಿಬಿಡುತ್ತಿದ್ದರು. ವರದಿಯಲ್ಲಿ ಮಾತ್ರ ‘ಗಾಳಿ ಬೆಳಕು ಸಾಲದು’ ಎಂದು ಬರೆಯುತ್ತಿದ್ದರು. ಇದು ಅನ್ಯಾಯ ಎಂದು ನಾನು ಜಗಳವಾಡಿದರೆ, “ಅನುಭವ ಕಣೋ, ನಿಂಗೇನು ಗೊತ್ತು” ಎಂದು ಬಾಯಿ ಮುಚ್ಚಿಸುತ್ತಿದ್ದರು. ಈಚೆಗಂತೂ ಒಂದು ಮನೆಯೂ ಅವರಿಗೆ ಸರಿಬರುತ್ತಿರಲಿಲ್ಲ.

ಮೊನ್ನೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ತನ್ನ ಮನೆಯ ಅಳತೆ ಮುಗಿಸಿ ಬೆಲೆ ಹೇಳಿ ಹೊರಟ ಅವರನ್ನು ಬಾಗಿಲಲ್ಲೇ ತಡೆದಳು.

“ಪಕ್ಕದ ಮನೆನೂ ಇದೇ ಅಳತೆ, ಅದೇ ಮೇಸ್ತ್ರಿ ಕಟ್ಟಿದ್ದು. ನನ್ನದಕ್ಕೆ ಮಾತ್ರ ಯಾಕೆ ಕಡಿಮೆ? ನಿಜ ಹೇಳಿ.”

ಮನೆಯವರ ಮುಂದೆ ಚಿಕ್ಕಪ್ಪ ಮೊದಲ ಸಲ ಬಾಯಿಬಿಟ್ಟರು. “ಹಿಂದಿನ ಕೋಣೇಲಿ ಯಾರೋ ಇದಾರೆ ಕಣಮ್ಮ.”

ಅವಳು ಹೋಗಿ ಕೋಣೆಯೊಳಗೆ ಇಣುಕಿ ಬಂದಳು.

“ಇದಾರಲ್ಲ, ನಿಮ್ಮ ಹಿಂದೇನೇ ಬಂದ ಅಮ್ಮ. ಟೇಪಿನ ತುದಿ ಹಿಡ್ಕೊಂಡು ಇನ್ನೂ ನಿಂತಿದಾರೆ. ಅವರನ್ನ ಕರ್ಕೊಂಡು ಬಂದಿದ್ದು ನೀವು, ಬೆಲೆ ಇಳಿಸೋದು ನನ್ನ ಮನೇದಾ?”