ಅಪ್ಪ ಓದಿದ ಕಾಗದ

ನಮ್ಮ ಮನೆಯ ಹಿಂದೆ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಶಹಾಬಾದಿನ ಫರಸಿ ಕಲ್ಲುಗಳನ್ನು ತಂದು ಬಯಲಿನಲ್ಲಿ ಒಂದರ ಮೇಲೊಂದು ಪೇರಿಸಿದ್ದಾರೆ. ಮೊನ್ನೆ ಮಧ್ಯಾಹ್ನ ಕೆಲಸದ ಹೆಂಗಸೊಬ್ಬಳು ಅವುಗಳ ಮೇಲೆ ಒಂದು ಕೊಡ ನೀರು ಸುರಿದಳು. ಬಿಸಿಲಿಗೆ ಕಾದ ಕಲ್ಲು ನೀರು ಕುಡಿದಾಗ ಒಂದು ವಾಸನೆ ಏಳುತ್ತದೆ, ಸ್ವಲ್ಪ ಸುಣ್ಣ, ಸ್ವಲ್ಪ ಧೂಳು, ಒಂದಿಷ್ಟು ತಂಪು. ಶಹಾಬಾದಿನಲ್ಲಿ ಹುಟ್ಟಿದವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ನೆಲ ಫರಸಿ, ಕಟ್ಟೆ ಫರಸಿ, ಬಡವರ ಮನೆಯ ಮಾಡು ಸಹ ಫರಸಿ. ಬೇಸಿಗೆಯಲ್ಲಿ ಅವ್ವ ನಡುಮನೆಗೆ ನೀರು ಚಿಮುಕಿಸಿದರೆ ನಾನು ಅಂಗಿ ಕಳಚಿ ಅದರ ಮೇಲೆ ಬೋರಲು ಬಿದ್ದು ನಿದ್ದೆ ಹೋಗುತ್ತಿದ್ದೆ. ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನನಗೆ ನೆನಪಾದದ್ದು ಆ ನಿದ್ದೆಯಲ್ಲ, ಅಂಥದೇ ನೆಲದ ಮೇಲೆ ಮೊಣಕಾಲೂರಿ ಕೂತು ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಅಕ್ಷರ ತಿದ್ದುತ್ತಿದ್ದ ನಮ್ಮಪ್ಪ. ಆಗ ಅವರಿಗೆ ನಲವತ್ತೆಂಟು ವರ್ಷ.

ಅಪ್ಪ ಊರಿನ ಸರ್ಕಾರಿ ಶಾಲೆಯ ಮಾಸ್ತರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತವರು, ಉರ್ದುವಿನಲ್ಲೇ ಇಪ್ಪತ್ತು ವರ್ಷ ಕಲಿಸಿದವರು. ಅವರ ಉರ್ದು ಅಕ್ಷರ ನೋಡಲೆಂದೇ ಚಿತ್ತಾಪುರದ ಕಚೇರಿಯಿಂದ ಗುಮಾಸ್ತರು ಬರುತ್ತಿದ್ದರಂತೆ. ಹೇಳಿದವಳು ಅವ್ವ, ಸ್ವಲ್ಪ ಉಪ್ಪುಖಾರ ಹಚ್ಚಿರಬೇಕು. ಮನೆಯ ಮಾತು ಕನ್ನಡ, ಬೈಗುಳ ಕನ್ನಡ, ಲಿಂಗಪೂಜೆಗೆ ಕೂತರೆ ಅಪ್ಪನ ಬಾಯಲ್ಲಿ ನಿರರ್ಗಳವಾಗಿ ಬರುತ್ತಿದ್ದ ವಚನಗಳೂ ಕನ್ನಡ. ಆದರೆ ಅದೇ ವಚನವನ್ನು ಕನ್ನಡ ಅಕ್ಷರದಲ್ಲಿ ಬರೆದು ಮುಂದಿಟ್ಟರೆ ಅವರಿಗೆ ಓದಲು ಬರುತ್ತಿರಲಿಲ್ಲ. ಈಗಿನವರು ಇದನ್ನು ನಂಬುವುದಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಅಂಥ ಓದಿದವರು ಓಣಿಗೊಬ್ಬರಿದ್ದರು. ಬಂಧುಗಳಿಗೆ ಕಾಗದ ಬರೆಯುವಾಗ ಅಪ್ಪ ಕನ್ನಡದ ಮಾತನ್ನೇ ಉರ್ದು ಅಕ್ಷರದಲ್ಲಿ ಬರೆಯುತ್ತಿದ್ದರು. ಅವರೂ ಹಾಗೆಯೇ ಉತ್ತರ ಬರೆಯುತ್ತಿದ್ದರು.

ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಶಾಲೆ ಕನ್ನಡದ್ದಾಯಿತು. ಹಳೆಯ ಮಾಸ್ತರುಗಳು ಇಂತಿಷ್ಟು ದಿನದೊಳಗೆ ಕನ್ನಡ ಪರೀಕ್ಷೆ ಪಾಸು ಮಾಡಬೇಕು, ಇಲ್ಲದಿದ್ದರೆ ಜಾಗ ಬಿಡಬೇಕು ಎಂಬ ಹುಕುಂ ಬಂತು. ಅಪ್ಪ ತಮಗೆ ಕನ್ನಡ ಓದಲು ಬರುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟರೆ ಬಣ್ಣಗೇಡು. ತರಗತಿಯಲ್ಲಿ ಪಾಠವನ್ನು ಹುಡುಗರಿಂದಲೇ ಓದಿಸಿ, ಅರ್ಥವನ್ನು ತಾವು ಅಮೋಘವಾಗಿ ಹೇಳುತ್ತಿದ್ದರು. ಬೋರ್ಡಿನ ಮೇಲೆ ಬರೆಯುವ ಪ್ರಸಂಗ ಬಂದರೆ "ಏ, ನೀ ಬಾ, ನಿನ್ನ ಅಕ್ಷರ ನೋಡೂಣು" ಎಂದು ಒಬ್ಬನನ್ನು ಕರೆಯುತ್ತಿದ್ದರು. ಅವ್ವನಿಗೂ ಈ ಸಂಗತಿ ಗೊತ್ತಿರಲಿಲ್ಲ. ಅವಳಿಗೆ ಓದಲು ಬಾರದು. ಮಾಸ್ತರನಾದವನಿಗೆ ಎಲ್ಲವೂ ಬರುತ್ತದೆ ಎಂಬುದು ಅವಳ ನಂಬಿಕೆ.

ನನಗೆ ಮಾತ್ರ ಹೇಳಿದರು. ಶಾಲೆಯಲ್ಲಿ ಓದಿದ್ದು ಉರ್ದುವಾದರೂ, ಮಠದ ಅಯ್ಯನವರ ಹತ್ತಿರ ನಾನು ಚಿಕ್ಕಂದಿನಲ್ಲೇ ಕನ್ನಡ ಅಕ್ಷರ ಕಲಿತಿದ್ದೆ. "ಈ ವಯಸ್ಸಿನಾಗ ಯಾರ ಮುಂದ ಪಾಟಿ ಹಿಡಕೊಂಡು ಕುಂದ್ರಲಿ? ನೀ ಆದ್ರ ಮನಿ ಹುಡುಗ" ಎಂದರು. ಪುಸ್ತಕ, ಪಾಟಿ ಏನೂ ಬೇಡವೆಂದರು. ಯಾರಾದರೂ ನೋಡಿಯಾರು ಎಂಬ ಭಯ. ಮುಂಜಾನೆಯ ಪೂಜೆ ಮುಗಿದ ಮೇಲೆ ಒಳಕೋಣೆಯ ಕದ ಮುಂದೆ ಮಾಡಿ ನೆಲದ ಮೇಲೆ ಖಡುವಿನಿಂದ ಬರೆಯುವುದು, ಆಮೇಲೆ ಹಸಿ ಅರಿವೆಯಿಂದ ಒರೆಸುವುದು. ಅಪ್ಪನ ಕೈ ಮಾತ್ರ ಹಟಮಾರಿ, ಉರ್ದುವಿನ ರೂಢಿಯಂತೆ ಪ್ರತಿದಿನ ಕಲ್ಲಿನ ಬಲಗಡೆ ತುದಿಗೇ ಹೋಗಿ ನಿಲ್ಲುತ್ತಿತ್ತು. ನಾನು ಹಿಡಿದು ಎಡಗಡೆಗೆ ತರುತ್ತಿದ್ದೆ. "ಅಲ್ಲಲೇ, ನಿಮ್ಮ ಕನ್ನಡ ಎಡಗೈ ಕಡಿಂದ ಯಾಕ ಹುಟ್ಟತದ?" ಎಂದು ನಗುತ್ತಿದ್ದರು. ಹೊರಗೆ ಅವ್ವ ನೆರೆಯವರಿಗೆ ಹೇಳುತ್ತಿದ್ದಳು: "ಮಗ ವಿಲಾಯತಿಗಿ ಹೋಗ್ತಾನಂತ ನಡದದ. ಅವರಪ್ಪ ಇಂಗ್ರೇಜಿ ಕಲಸಾಕತ್ತಾರ, ಗದ್ದಲ ಮಾಡಬ್ಯಾಡ್ರಿ." ಒಳಗೆ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ನನ್ನ ಆಯುಷ್ಯದಲ್ಲಿ ಅಷ್ಟು ಸುಖವಾಗಿ ಕಲಿಸಿದ ಪಾಠ ಇನ್ನೊಂದಿಲ್ಲ.

ಅವ್ವ ಹೇಳಿದ ವಿಲಾಯತಿಯ ಮಾತು ಸುಳ್ಳಲ್ಲ. ಶಾಲೆ ಮುಗಿಸಿದ ಹುಡುಗರನ್ನು ಆರಿಸಿ, ಇಂಗ್ಲಿಷ್ ಮಾಸ್ತರಾಗಲು ಇಂಗ್ಲೆಂಡಿಗೆ ಕಳಿಸುವ ಒಂದು ವಜೀಫಾ, ವಿದ್ಯಾರ್ಥಿವೇತನ, ಇತ್ತು. ಧಾರವಾಡ ಕಡೆಯಿಂದ ಹೊಸದಾಗಿ ಬಂದಿದ್ದ ಹೆಡ್ಮಾಸ್ತರು ನನ್ನಿಂದ ಅರ್ಜಿ ಹಾಕಿಸಿದ್ದರು. ಅದು ಸಿಕ್ಕೇಬಿಟ್ಟಿತು. ನನ್ನನ್ನು ಮುಂಬೈ ಮೇಲ್ ಹತ್ತಿಸಲು ಅಪ್ಪ ವಾಡಿ ಸ್ಟೇಷನ್ನಿನ ತನಕ ಬಂದರು. ಅಷ್ಟು ಹೊತ್ತಿಗೆ ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟಾಗಿದ್ದರು. ಎಲ್ಲ ಮಾತೂ ಮುಗಿದ ಮೇಲೆ ಮೆಲ್ಲಗೆ "ಒತ್ತಕ್ಷರ ಉಳದ್ವಲ್ಲೋ" ಎಂದರು.

"ಕಾಗದದಾಗ ಬರದು ಕಳಸ್ತೀನ್ರಿ ಅಪ್ಪಾ."

"ಪರೀಕ್ಷಾಕ್ಕ ಇನ್ನ ಹತ್ತು ತಿಂಗಳು ಅದ. ಆಗ್ತದೇನು?"

"ಆಗ್ತದ್ರಿ, ಯಾಕ ಆಗಂಗಿಲ್ಲ?"

ಹೋಗುವುದನ್ನು ಒಂದು ವರ್ಷ ಮುಂದೂಡಲು ಆಗುತ್ತದೆಯೇ ಎಂದು ನಾನು ಕೇಳಬಹುದಿತ್ತು. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರಲ್ಲ, ನಾನಿನ್ನೂ ಊರಿಗೂ ಉಪಕಾರಿ ಆಗಿರಲಿಲ್ಲ.

ನಮ್ಮ ಮನೆಗೆ ನಂಬರು ಇರಲಿಲ್ಲವಾದ್ದರಿಂದ ಕಾಗದಗಳನ್ನು ಶಾಲೆಯ ವಿಳಾಸಕ್ಕೇ ಹಾಕುತ್ತಿದ್ದೆ. ಮೊದಲಿನ ಮೂರು ಕಾಗದ ಉರ್ದು ಅಕ್ಷರದವು. ಅಪ್ಪ ಅವನ್ನು ಮಾಸ್ತರುಗಳ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದರಂತೆ. ವಿಲಾಯತಿಯಿಂದ ಲಕೋಟೆ ಬಂದ ದಿನ ಚಹಾ ಬರುವತನಕ ಯಾರೂ ತರಗತಿಗೆ ಏಳುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದರು. ಹೀಗಾಗಿ ಆ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವಂತಿಲ್ಲ.

ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ವಯಸ್ಸಾದ ಮೇಡಂ ಒಂದು ದಿನ ಒಂದು ಕೆಲಸ ಕೊಟ್ಟರು. ಈಗಷ್ಟೇ ಅಕ್ಷರ ಕಲಿಯುತ್ತಿರುವ ದೊಡ್ಡ ವಯಸ್ಸಿನವರಿಗಾಗಿ, ಅವರವರ ಭಾಷೆಯಲ್ಲಿ, ಒಂದು ಪುಟದ ಪಾಠ ಬರೆಯಬೇಕು. ಉಳಿದವರೆಲ್ಲ ಕಲ್ಪಿಸಿಕೊಂಡು ಬರೆದರು. ನನ್ನ ಮುಂದೆ ನಿಜವಾದ ಶಿಷ್ಯರೊಬ್ಬರಿದ್ದರು. ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ, ಒಂದೂ ಒತ್ತಿಲ್ಲದಂತೆ, ಹತ್ತು ಸಾಲು ಬರೆದೆ. 'ಇದು ಚಳಿಯ ಊರು. ಮಳೆ ಬಹಳ. ನನಗೆ ಆರಾಮ. ಈ ಕಾಗದ ನೀವೇ ಓದಿರಿ. ಬೇರೆಯವರ ಕೈಗೆ ಕೊಡಬೇಡಿರಿ.' ಹೀಗೆಯೇ ಉಳಿದ ಸಾಲುಗಳು. ಅರ್ಥ ಹೇಳಿದಾಗ ಮೇಡಂ ಇಡೀ ವರ್ಗದ ಮುಂದೆ ನನ್ನನ್ನು ಹೊಗಳಿದರು. ಉಬ್ಬಿಹೋದೆ. ಅದನ್ನೇ ತೆಳು ಕಾಗದದ ಮೇಲೆ ಪ್ರತಿ ಮಾಡಿ, ಎಂದಿನಂತೆ ಶಾಲೆಯ ವಿಳಾಸ ಬರೆದು, ಅಂಚೆಗೆ ಹಾಕಿದೆ.

ಅಪ್ಪನ ಉತ್ತರ ಉರ್ದು ಅಕ್ಷರದಲ್ಲೇ ಬಂತು. ಕಾಗದ ಮುಟ್ಟಿತು, ಓದಿ ಸಂತೋಷವಾಯಿತು, ಇನ್ನು ಮೇಲೆ ಉರ್ದುವಿನಲ್ಲೇ ಬರೆ, ಶಾಲೆಗೆ ಬೇಡ, ಕಿರಾಣಿ ಅಂಗಡಿಯವರ ವಿಳಾಸಕ್ಕೆ ಹಾಕು ಎಂದಿತ್ತು. ಕಷ್ಟಪಟ್ಟು ಬರೆದ ಪಾಠಕ್ಕೆ ಇಷ್ಟೇನಾ ಎಂದು ನನಗೆ ಸಿಟ್ಟೇ ಬಂತು. ಎರಡು ತಿಂಗಳ ಮೇಲೆ, ಕಣ್ಣು ಮಂದವಾಗಿದೆ, ಶಾಲೆ ಬಿಟ್ಟೆ ಎಂದು ಬರೆದರು. ಕಣ್ಣಿನದೇ ಇರಬೇಕೆಂದು ನಾನೂ ನಂಬಿದೆ.

ತಿರುಗಿ ಬಂದಾಗ ಹೈದರಾಬಾದ್ ರಾಜ್ಯ ಇನ್ನೂ ಒಡೆದಿರಲಿಲ್ಲ. ಶಹಾಬಾದ್ ಸ್ಟೇಷನ್ನಿಗೆ ನನ್ನನ್ನು ಕರೆದೊಯ್ಯಲು ಬಂದವನು ಶಾಲೆಯ ಚಪರಾಸಿ ಖಾಜಾಮಿಯಾ. ಟಾಂಗಾದಲ್ಲಿ ಕೂತ ಮೇಲೆ ಅವನೇ ಮಾತು ತೆಗೆದ. "ಆ ಲಿಫಾಫೆ ನಾನೇ ತಂದು ಕೊಟ್ಟಿದ್ದೆ ಬೇಟಾ. ಎಲ್ಲಾ ಮಾಸ್ತರ್ ಲೋಗ್ ಕುಂತಿದ್ರು. ನಿಮ್ಮ ಅಪ್ಪಾಜಿ ಕಾಗದ ಬಿಚ್ಚಿದ್ರು, ನೋಡಿ ಮತ್ತ ಮಡಚಾಕತ್ತಿದ್ರು. ಹೆಡ್ ಸಾಹೇಬ್ರು 'ಓದ್ರಿ ಮಾಸ್ತರ' ಅಂದ್ರು. ಓದಿದ್ರು. ಯಾ ಅಲ್ಲಾ, ಏನ್ ಓದಿದ್ರು! ನನ್ನ ಕಣ್ಣಾಗ ನೀರು ಬಂತು." ಅಪ್ಪ ಚಹಾ ಆರುವಷ್ಟು ಹೊತ್ತು ಓದಿದರಂತೆ. ಮುಗಿದ ಮೇಲೆ ಹೆಡ್ಮಾಸ್ತರು, ಕನ್ನಡದಲ್ಲಿ ಬರೆದಿದ್ದಾನೆಯೇ, ನೋಡೋಣ ಎಂದು ಕೈ ಚಾಚಿದರು. ಅಪ್ಪ ಕೊಟ್ಟರು. ಅವರು ಹತ್ತು ಸಾಲಿನ ಮೇಲೆ ಕಣ್ಣಾಡಿಸಿ, ಕಾಗದ ಮಡಚಿ, "ಭಾಳ ಛಲೋ ಬರದಾನ್ರಿ ನಿಮ್ಮ ಮಗ" ಎಂದು ಹಿಂದಕ್ಕೆ ಕೊಟ್ಟರು. ಬೇರೆ ಯಾರಿಗೂ ಏನೂ ತಿಳಿಯಲಿಲ್ಲ. ಮರುದಿನ ಅಪ್ಪ ಕೆಲಸ ಬಿಡುವ ಅರ್ಜಿ ಬರೆಸಿ ತಂದರು. ಪರೀಕ್ಷೆಗೆ ಇನ್ನೂ ಸಮಯವಿದೆ, ನಾನೇ ಹೇಳಿಕೊಡುತ್ತೇನೆ ಎಂದು ಹೆಡ್ಮಾಸ್ತರು ಕೈ ಹಿಡಿದುಕೊಂಡು ಹೇಳಿದರಂತೆ. "ಇಷ್ಟು ದಿನ ಹುಡುಗರ ಮುಂದ ನಾಟಕ ಮಾಡಿದೆ. ನಿನ್ನೆ ನಿಮ್ಮ ಮುಂದೂ ಮಾಡಿದೆ. ಸಾಕ್ರಿ ಸಾಹೇಬ್ರ" ಎಂದು ಅಪ್ಪ ಎದ್ದು ಬಂದರು. ಬಾಗಿಲಲ್ಲಿ ನಿಂತಿದ್ದ ಖಾಜಾಮಿಯಾ ಇದನ್ನೆಲ್ಲ ಕೇಳಿಸಿಕೊಂಡಿದ್ದ.

ಮನೆಯಲ್ಲಿ ಅವ್ವ ದೃಷ್ಟಿ ತೆಗೆದಳು, ಅತ್ತಳು, ಉಣ್ಣಲು ಬಡಿಸಿದಳು. ಅಪ್ಪ ಬಾಗಿಲ ಕಟ್ಟೆಯ ಮೇಲೆ ಬೀದಿ ನೋಡುತ್ತಾ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ಅವ್ವ ಇದ್ದಕ್ಕಿದ್ದಂತೆ "ಎಂಥಾ ಕಾಗದ ಬರದಿದ್ದಿ ತಮ್ಮಾ! ನಿಮ್ಮಪ್ಪನ ಕಡಿಂದ ಎಷ್ಟು ಸಲ ಓದಿಸೀನೋ, ನನಗ ಬಾಯಿಪಾಠ ಆಗ್ಯಾದ" ಎಂದಳು. ತಡೆಯುವಷ್ಟರಲ್ಲಿ ಹೇಳಲು ಶುರುಮಾಡಿದ್ದಳು: "'ಅಪ್ಪಾ, ಇಲ್ಲಿ ಎಲ್ಲಾರೂ ನನಗ ಛಲೋ ನೋಡ್ಕೋತಾರ. ಆದ್ರ ಮುಂಜಾನೆ ಎದ್ದರ ಅವ್ವನ ದನಿ ಕೇಳಸಂಗಿಲ್ಲ, ಅದೊಂದು ತ್ರಾಸ. ಹುಡುಗರ ಮುಂದ ನಿಂತಾಗ ನಿಮ್ಮಂಗೇ ಕೈ ಹಿಂದ ಕಟ್ಟಿ ನಿಂದರ್ತೀನಿ...' ಮುಂದೇನೋ? ಮರತೆ ನೋಡು. ನೀನೇ ಬರದದ್ದಲ್ಲೇನು, ಹೇಳು."

ನನ್ನ ಬಾಯಲ್ಲಿ ತುತ್ತಿತ್ತು. ಕಟ್ಟೆಯ ಮೇಲಿದ್ದ ಅಪ್ಪ ಈ ಕಡೆ ತಿರುಗಲಿಲ್ಲ. ಅಲ್ಲಿಂದಲೇ, ಪುಸ್ತಕ ಓದುವವರ ದನಿಯಲ್ಲಿ ಹೇಳಿದರು: "'ನನಗ ಕಲಿಸಿದವ್ರು ಭಾಳ ಮಂದಿ ಅದಾರ. ಮೊದಲನೇ ಮಾಸ್ತರ ಮಾತ್ರ ನೀವು.' ಹಿಂಗ ಬರದಿದ್ದ."

"ಹೌದವ್ವ, ಹಿಂಗೇ ಬರದಿದ್ದೆ" ಎಂದೆ.

ಅಪ್ಪ ಇನ್ನೂ ಆರು ವರ್ಷ ಬದುಕಿದರು. ನಾನು ಸೇಡಂ, ಚಿಂಚೋಳಿ ಎಂದು ಊರೂರು ತಿರುಗಿ ಹುಡುಗರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ರಜೆಗೆ ಬಂದಾಗ ಇಬ್ಬರೂ ಬೇಕಾದಷ್ಟು ಮಾತಾಡುತ್ತಿದ್ದೆವು, ಅದೊಂದನ್ನು ಬಿಟ್ಟು. ಈಗ ಅವ್ವನೂ ಇಲ್ಲ, ಆ ಮನೆಯೂ ಇಲ್ಲ. ಮಗನ ಪರವಾಗಿ ಅಪ್ಪ ತಮಗೆ ತಾವೇ ಬರೆದುಕೊಂಡ ಆ ಕಾಗದದ ಒಂದೇ ಒಂದು ಸಾಲನ್ನಾದರೂ, ಆ ಆರು ವರ್ಷಗಳಲ್ಲಿ ಒಂದು ದಿನ, ನಾನು ನನ್ನ ಕೈಯಾರೆ ಉರ್ದುವಿನಲ್ಲಿ ಬರೆದು ಕೊಟ್ಟಿದ್ದರೆ ಅವರು ಓದುತ್ತಿದ್ದರು. ನಾನು ಬರೆಯಲಿಲ್ಲ.