ನೀರು ಬರುವ ಮುಂಚಿನ ಶುಕ್ರವಾರ

ಆ ದಿನಗಳಲ್ಲಿ ದೋಹಾದ ಪಕ್ಕ ಅಲ್ ರಯ್ಯಾನಿನ ನಮ್ಮ ಮನೆಯ ಹಿಂದೆ ಕೆರೆ ಇರಲಿಲ್ಲ. ಈಗ ಉದ್ದ ಮೂತಿಯ ಕ್ಯಾಮೆರಾ ಹಿಡಿದು ಹಕ್ಕಿ ನೋಡಲು ಬರುವವರಿಗೆ ಹೀಗೆಂದರೆ ಮರ್ಯಾದೆಗೆ ತಲೆಯಾಡಿಸಿ ಮತ್ತೆ ಕ್ಯಾಮೆರಾಕ್ಕೆ ಕಣ್ಣು ಹಚ್ಚುತ್ತಾರೆ. ನೀರು ನಿಂತಿರುವಲ್ಲಿ ಆಗ ದೊಡ್ಡದೊಂದು ತಗ್ಗು ಇತ್ತು. ಸಪಾಟಾದ ಮರಳುನೆಲ ಅಲ್ಲಿಗೆ ಬಂದು ಒಮ್ಮೆಲೇ ಕೆಳಗಿಳಿಯುತ್ತಿತ್ತು. ತಳದಲ್ಲಿ ಮುದಿ ಬೋರೆ ಮರ, ಅದರ ಪಕ್ಕ ಆಡು ಕೋಳಿಗಳ ತಗಡಿನ ದೊಡ್ಡಿ. ಚಳಿಗಾಲದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಹಸಿರು ಚಿಗುರುತ್ತಿತ್ತು, ಹಿಕ್ಕೆಯ ವಾಸನೆಯ ಜೊತೆ ಒದ್ದೆ ಮಣ್ಣಿನ ವಾಸನೆ ಏಳುತ್ತಿತ್ತು. ಬಾಲ್ಯವೆಂದರೆ ಹಾಲು ಸಕ್ಕರೆ ಎಂದು ಬರೆಯುವವರು ಬರೆದುಕೊಳ್ಳಲಿ. ನನ್ನ ಬಾಲ್ಯ ಕಳೆದದ್ದು ಆ ತಗ್ಗಿನಲ್ಲಿ, ಅಲ್ಲಿ ಯಾರದ್ದಾದರೂ ರಕ್ತ ಬೀಳದ ಶುಕ್ರವಾರ ನನಗೆ ನೆನಪಿಲ್ಲ.

ಮೊದಲಿಗೆ ನಮ್ಮದೇ ರಕ್ತ. ಹಳೆಯ ವಿಲ್ಲಾ ಒಂದನ್ನು ಪ್ಲೈವುಡ್ಡಿನಿಂದ ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು, ಊರ ಕಡೆಯ ಕುಟುಂಬಗಳೆಲ್ಲ ಒಂದೊಂದು ತುಂಡಿನಲ್ಲಿ ಇದ್ದೆವು. ರಸ್ತೆಯಾಚೆಯ ಕಟ್ಟಡದ ಮಕ್ಕಳಿಗೂ ನಮಗೂ ಬೋರೆ ಹಣ್ಣಿಗಾಗಿ ಜಗಳ. ಶಾಲೆಯಲ್ಲಿ ಅಕ್ಕಪಕ್ಕ ಕುಳಿತು ಸಾರಿ, ಥ್ಯಾಂಕ್ಯೂ ಎನ್ನುವವರೇ ತಗ್ಗಿಗೆ ಇಳಿದರೆ ಕಲ್ಲಿಗೆ ಕೈ ಹಾಕುತ್ತಿದ್ದೆವು. ಮರ ಹತ್ತಿದವರನ್ನು ಕಲ್ಲು ಹೊಡೆದು ಇಳಿಸುವುದೇ ಆಟ. ನನ್ನ ಎಡ ಹುಬ್ಬನ್ನು ಇಬ್ಭಾಗ ಮಾಡಿದ ಕಲೆ ಆ ಆಟದ್ದು. ಹೊಡೆದವನ ಮುಂದಿನ ಹಲ್ಲನ್ನು ನಾನು ಮರುವಾರ ಉದುರಿಸಿದೆ. ಹುಡುಗಿಯೆಂದು ಯಾರೂ ರಿಯಾಯಿತಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹೊಡೆದಾಟ ಮುಗಿದ ಮೇಲೆ ಹಣ್ಣನ್ನು ಫ್ರಾಕಿಗೆ ಒರೆಸಿ ಕಚ್ಚಿದರೆ ಅದರ ಹುಳಿಸಿಹಿಯ ಜೊತೆ ಒಡೆದ ತುಟಿಯ ಉಪ್ಪೂ ಬಾಯಿಗೆ ಬರುತ್ತಿತ್ತು.

ಆಮೇಲೆ ಕೋಳಿಗಳ ರಕ್ತ. ದೊಡ್ಡಿಯನ್ನು ನೋಡಿಕೊಳ್ಳುತ್ತಿದ್ದವರು ಹಮೀದಾಕ, ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನರು. ಆಡುಗಳೆಲ್ಲ ಅವರ ಅರ್ಬಾಬನವು. ಆ ಅರಬ ಯಜಮಾನ ಅತ್ತ ಸುಳಿಯುತ್ತಿದ್ದುದೇ ಅಪರೂಪವಾದ್ದರಿಂದ ಶುಕ್ರವಾರ ಬೆಳಿಗ್ಗೆ ನಮ್ಮ ತುಳುವ ಗಂಡಸರು ದೊಡ್ಡಿಯ ಹಿಂದೆ ಸೇರಿ ಕೋಳಿ ಅಂಕ, ಅಂದರೆ ಹುಂಜಗಳ ಕಾಳಗ, ನಡೆಸುತ್ತಿದ್ದರು. ಹಮೀದಾಕ ಅದಕ್ಕೆ ಕೈ ಹಾಕುತ್ತಿರಲಿಲ್ಲ, ಅವರದ್ದು ಒಂದೇ ಷರತ್ತು.

"ದುಡ್ಡು ಕಟ್ಟುದಾದ್ರೆ ಈ ಕಡೆ ಬರುದೇ ಬೇಡ. ಅರ್ಬಾಬ್‌ಗೆ ಗೊತ್ತಾದ್ರೆ ನನ್ನ ವೀಸಾ ಖಲಾಸ್."

ಹಾಗಾಗಿ ಪಣಕ್ಕೆ ಇದ್ದದ್ದು ಕೋಳಿ ಮಾತ್ರ. ಸೋತ ಕೋಳಿ, ಸತ್ತಿದ್ದರೂ ಸರಿ, ಅರೆಜೀವವಾಗಿದ್ದರೂ ಸರಿ, ಗೆದ್ದವನ ಪಾಲು. ಗೆದ್ದವನು ಅದನ್ನು ಅಲ್ಲೇ ಬೇಯಿಸಿ ಸೋತವನ ಮನೆಯವರನ್ನೂ ಕೂರಿಸಿ ಬಡಿಸಬೇಕು. ಊರಿನಲ್ಲಿ ಹೀಗಿತ್ತೋ ಇಲ್ಲವೋ, ನಮ್ಮ ತಗ್ಗಿನ ಕಟ್ಟಳೆ ಇದು.

ಕೋಳಿಯ ಕಾಲಿಗೆ ಕಟ್ಟುವ ಬಾಳನ್ನು ಶೇಖರಣ್ಣ ಮಾಡಿ ತರುತ್ತಿದ್ದರು. ಅವರು ಅಪ್ಪನ ಊರಿನವರು, ಒಂದೇ ಬೆಂಚಿನಲ್ಲಿ ಕಲಿತವರು, ದೋಹಾ ಅಲ್ ಜದೀದಾದಲ್ಲಿ ಎಸಿ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ಗರಗಸದ ಬ್ಲೇಡನ್ನು ಅಲ್ಲಿ ಮಸೆದೂ ಮಸೆದೂ ಬೆರಳುದ್ದದ ಕತ್ತಿ ಮಾಡುತ್ತಿದ್ದರು. ಅಪ್ಪ ಒಂದು ಕಂಪನಿಯ ಡ್ರೈವರ್. ವಾರವಿಡೀ ಯೆಸ್ ಸರ್ ಎಂದು ಬಾಗಿಲು ತೆರೆಯುವ ಮನುಷ್ಯ, ಶುಕ್ರವಾರ ಕೋಳಿಯನ್ನು ಕಂಕುಳಲ್ಲಿಟ್ಟು ತಗ್ಗಿಗೆ ಇಳಿಯುವಾಗ ಬೇರೆಯೇ ಆಗಿಬಿಡುತ್ತಿದ್ದ. ಆ ಅಪ್ಪನನ್ನು ಕಂಡರೆ ನನಗೆ ಹೆದರಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ಅಪ್ಪನ ಎಡಗೈಯಲ್ಲಿ ಒಂದು ವಾಚು. ಅದು ಯಾವತ್ತೂ ಊರಿನ ಸಮಯದಲ್ಲೇ ಇರುತ್ತಿತ್ತು, ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಡ್ಯೂಟಿಗೆ ಮೊಬೈಲಿನ ಗಂಟೆ, ಬದುಕಿಗೆ ಕೈಯ ಗಂಟೆ. ಇಲ್ಲಿ ಬಿಸಿಲು ಚುರುಗುಡುತ್ತಿರುವಾಗಲೇ ವಾಚು ನೋಡಿ, "ಅಜ್ಜಿ ಈಗ ದೀಪ ಹಚ್ಚಿರ್ತಾರೆ" ಎನ್ನುತ್ತಿದ್ದ. ಆ ಮಾತು ಕೇಳಿದರೆ ನನಗೆ ಎಣ್ಣೆ ಬತ್ತಿಯ ವಾಸನೆಯೇ ಬಂದಂತಾಗುತ್ತಿತ್ತು.

ಊರಿನಲ್ಲಿದ್ದ ಅಪ್ಪನ ಮಾವ ಕೋಳಿಶಾಸ್ತ್ರ ಬಲ್ಲವರು. ಯಾವ ದಿನ, ಯಾವ ಹೊತ್ತಿಗೆ, ಯಾವ ಬಣ್ಣದ ಕೋಳಿ ಯಾವ ಬಣ್ಣವನ್ನು ಸೋಲಿಸುತ್ತದೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಗುರುವಾರ ಸಂಜೆ ಅಪ್ಪ ಫೋನ್ ಕಾರ್ಡು ಗೀರಿ ಅವರನ್ನು ಕೇಳುತ್ತಿದ್ದ. ಗೆದ್ದರೆ ಮಾವನ ಲೆಕ್ಕ ಸರಿ, ಸೋತರೆ ಬಾಳು ಕಟ್ಟಿದ್ದು ಸರಿಯಿಲ್ಲ. ಮಾವನ ಮೇಲೆ ಅಪ್ಪ ಒಂದು ದಿನವೂ ಅನುಮಾನಪಟ್ಟವನಲ್ಲ.

ನನಗೊಂದು ಬೊಳ್ಳೆ ಇತ್ತು. ಬೊಳ್ಳೆ ಎಂದರೆ ತುಳುವಿನಲ್ಲಿ ಬಿಳಿ ಹುಂಜ. ಹಮೀದಾಕನ ದೊಡ್ಡಿಯಲ್ಲಿ ಬೇರೆ ಕೋಳಿಗಳು ಕುಕ್ಕಿ ಸಾಯಿಸುತ್ತಿದ್ದ ಮರಿಯನ್ನು ಫ್ರಾಕಿನಲ್ಲಿ ಸುತ್ತಿ ತಂದಿದ್ದೆ. ಕುಬೂಸ್ ರೊಟ್ಟಿಯ ಚೂರು, ನನ್ನ ಡಬ್ಬಿಯ ಇಡ್ಲಿ ತಿಂದು ಬೆಳೆಯಿತು. ಹೊರಗಿನ ಎಸಿ ಯಂತ್ರದ ಮೇಲೆ ಕುಳಿತು ಹೊತ್ತುಗೊತ್ತಿಲ್ಲದೆ ಕೂಗುತ್ತಿತ್ತು, ನಾನು ಶಾಲೆಯ ಬಸ್ಸಿಳಿದರೆ ರೆಕ್ಕೆ ಬಡಿದುಕೊಂಡು ಓಡಿ ಬರುತ್ತಿತ್ತು. ಇದು ನಿನ್ನದೇ, ಅಂಕಕ್ಕೆ ಅಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ತಗ್ಗಿನ ಅಂಚಿಗೆ ಲಾರಿಗಳು ಬಂದವು. ಮನುಷ್ಯ ನಿಂತು ನಡೆಯಬಹುದಾದಷ್ಟು ದೊಡ್ಡ ಸಿಮೆಂಟ್ ಪೈಪುಗಳನ್ನು ಇಳಿಸಿದರು. ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡಲು ಜಾಗ ಬೇಕಂತೆ, ಈ ತಗ್ಗೇ ಸರಿಯಂತೆ. ಆಡುಗಳನ್ನು ಅಲ್ ಶಮಾಲಿನ ತೋಟಕ್ಕೆ ಸಾಗಿಸಲು ಅರ್ಬಾಬ್ ಹೇಳಿ ಕಳಿಸಿದ. ಮುಂದಿನ ಶುಕ್ರವಾರವೇ ಕೊನೆಯದು, ಶನಿವಾರ ನೀರು ಎಂದು ಗೊತ್ತಾಯಿತು. ನಾವು ಮಕ್ಕಳು ಪೈಪುಗಳಿಗೆ ಕಲ್ಲು ಹೊಡೆದೆವು. ಅವಕ್ಕೆ ಏನೂ ಆಗಲಿಲ್ಲ.

ಆ ಕೊನೆಯ ಅಂಕಕ್ಕೆ ಅಪ್ಪನ ಬಳಿ ಕೋಳಿ ಇರಲಿಲ್ಲ, ಹಿಂದಿನ ವಾರ ಸತ್ತಿತ್ತು. ಶೇಖರಣ್ಣ ತನ್ನ ಕೆಮ್ಮೈರವನ್ನು, ಅಂದರೆ ಕೆಂಪು ಹುಂಜವನ್ನು, ತರುವವರಿದ್ದರು. ಗುರುವಾರ ಸಂಜೆ ಮಾವ ಫೋನಿನಲ್ಲಿ, ನಾಳೆ ಮಧ್ಯಾಹ್ನ ತಿರುಗಿದ ಮೇಲೆ ಬೊಳ್ಳೆ ಕೆಮ್ಮೈರವನ್ನು ಹೊಡೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ ಎಂದರು. ಅಪ್ಪ ಫೋನಿಟ್ಟು ಕಿಟಕಿಯಾಚೆ ಎಸಿಯ ಮೇಲೆ ಕುಳಿತಿದ್ದ ನನ್ನ ಬೊಳ್ಳೆಯನ್ನು ನೋಡಿದ. ಆ ನೋಟ ನನಗೆ ಅರ್ಥವಾಯಿತು.

ಬೆಳಿಗ್ಗೆ ಅಪ್ಪ ಬೊಳ್ಳೆಯನ್ನು ಹಿಡಿದಾಗ ನಾನು ಅವನ ಕೈ ಕಚ್ಚಿದೆ. ಅಪ್ಪ ಕೆನ್ನೆಗೆ ಬಿಟ್ಟ. ಕಿವಿಯಲ್ಲಿ ಗುಂಯ್ ಎಂದಿತು. ಆಮೇಲೆ ಅವನೇ ಕುಕ್ಕರುಗಾಲಲ್ಲಿ ಕುಳಿತು ನನ್ನ ಮೂಗು ಒರೆಸಿದ.

"ಗೆದ್ದೇ ಗೆಲ್ತದೆ ಮಗಾ. ಗೆದ್ದ ಕೋಳಿಯನ್ನು ಯಾರೂ ಮುಟ್ಟುದಿಲ್ಲ. ಮಾವ ಹೇಳಿದ್ದಾರೆ, ಮಧ್ಯಾಹ್ನ ತಿರುಗಲಿ ಅಂತ. ಅಲ್ಲಿವರೆಗೆ ನಾನು ಬಿಡುದೇ ಇಲ್ಲ."

ನಾನು ನಂಬಿದೆ. ಅಪ್ಪ ತಪ್ಪಬಹುದು, ಊರಿನ ಮಾವ ತಪ್ಪಬಹುದೆಂದು ನನಗೆ ಹೊಳೆಯಲೇ ಇಲ್ಲ. ಬೊಳ್ಳೆಯ ಕಾಲಿಗೆ ಬಾಳು ಕಟ್ಟುವಾಗ ರೆಕ್ಕೆ ಹಿಡಿದುಕೊಂಡದ್ದು ನಾನೇ. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಎನ್ನುತ್ತಿತ್ತು.

ಅಪ್ಪ ಮತ್ತೆ ಮತ್ತೆ ವಾಚು ನೋಡುತ್ತಿದ್ದ. ಮುಳ್ಳು ಹನ್ನೆರಡು ದಾಟಿತು, ಇನ್ನೂ ಸ್ವಲ್ಪ ಕಾದ, ಆಮೇಲೆ ಟೈಮಾಯಿತು ಎಂದ. ಸೂರ್ಯ ಇನ್ನೂ ತಗ್ಗಿನ ಪೂರ್ವದ ದಂಡೆಯ ಕಡೆಗೇ ಇದ್ದ. ಬೋರೆ ಮರದ ನೆರಳು ದೊಡ್ಡಿಯ ತನಕ ಚಾಚಿಕೊಂಡಿತ್ತು. ನೆರಳನ್ನು ಯಾರೂ ನೋಡಲಿಲ್ಲ ಎಂದು ಆಗ ಅಂದುಕೊಂಡಿದ್ದೆ.

ಬಿಟ್ಟರು. ಒಂದು ದಿನವೂ ಯಾರ ಮೇಲೂ ಎರಗದ ಬೊಳ್ಳೆ ಮೊದಲ ನೆಗೆತಕ್ಕೇ ಕೆಂಪು ಹುಂಜದ ಕತ್ತಿನ ಗರಿ ಹಾರಿಸಿತು. ನಾನು ಕಿರುಚಿದೆ, ಖುಷಿಯಿಂದ. ಎರಡನೆಯ ನೆಗೆತದಲ್ಲಿ ಎರಡೂ ಗಾಳಿಯಲ್ಲಿ ಒಂದಾದವು, ಕೆಳಗೆ ಬೀಳುವಾಗ ಬೊಳ್ಳೆಯ ತೊಡೆ ಸೀಳಿ ತೆರೆದುಕೊಂಡಿತ್ತು. ಅದು ಎದ್ದು ನಿಂತಿತು. ಕೆಮ್ಮೈರ ಮತ್ತೆ ಬಂತು, ರೆಕ್ಕೆಯ ಬುಡಕ್ಕೆ ಹೊಡೆಯಿತು. ಬಿಳಿ ಗರಿ ಎಷ್ಟು ಬೇಗ ಕೆಂಪಾಗುತ್ತದೆ ಎಂದು ಅವತ್ತು ನೋಡಿದೆ. ಬೊಳ್ಳೆ ತಿರುಗಿ ನನ್ನತ್ತ ಓಡಿಬಂತು, ಬಸ್ಸಿಳಿದಾಗ ಬರುವ ಹಾಗೆಯೇ. ಬೆನ್ನು ತೋರಿಸಿದರೆ ಸೋಲು. ನಾನು ಎತ್ತಿ ಎದೆಗೊತ್ತಿಕೊಂಡೆ.

ಶೇಖರಣ್ಣ ತನ್ನ ಹುಂಜವನ್ನು ಕಂಕುಳಲ್ಲಿಟ್ಟು ನಕ್ಕರು, ಕೆಟ್ಟದಾಗಿ ಅಲ್ಲ, ಗೆಳೆಯನನ್ನು ಛೇಡಿಸುವ ಹಾಗೆ.

"ಮಧ್ಯಾಹ್ನ ಎಲ್ಲಿ ತಿರುಗಿದೆ ಮಾರಾಯ? ನಿನ್ನ ನೆರಳು ನೋಡು."

"ಶಾಸ್ತ್ರ ಊರಿದು. ಗಂಟೆಯೂ ಊರಿದೇ" ಎಂದ ಅಪ್ಪ.

"ಕೋಳಿ ನಿಂತದ್ದು ಇಲ್ಲಿಯ ಮಣ್ಣಲ್ಲಿ. ಊರಲ್ಲಿ ಸೂರ್ಯ ಎಲ್ಲಿದ್ದರೆ ಇದಕ್ಕೆಂತ?"

ಅಪ್ಪ ವಾಚು ನೋಡಿದ, ನೆರಳು ನೋಡಿದ. "ಇಷ್ಟು ವರ್ಷ ನಿನಗೆ ಗೊತ್ತಿತ್ತಾ ಇದು?" ಎಂದು ಕೇಳಿದ.

"ಎಲ್ಲರಿಗೂ ಗೊತ್ತಿತ್ತು ವಿಶ್ವ. ಹೇಳಿದ್ರೆ ನಿನಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ವಿ."

ಸೋಲನ್ನು ಅಪ್ಪ ತಡೆದುಕೊಳ್ಳುತ್ತಿದ್ದನೇನೋ, ಈ ಕನಿಕರವನ್ನು ತಡೆಯಲಾಗಲಿಲ್ಲ. ಶೇಖರಣ್ಣನ ಮೇಲೆ ಬಿದ್ದ. ಇಬ್ಬರೂ ಹಿಕ್ಕೆಯ ಮೇಲೆ ಉರುಳಾಡಿದರು. ಒಂದೇ ಬೆಂಚಿನಲ್ಲಿ ಕಲಿತವರು ಒಬ್ಬರ ಬಾಯಿಗೊಬ್ಬರು ಮುಷ್ಟಿಯಿಂದ ಗುದ್ದಿದರು, ತಾಯಿ ತಂಗಿಯರನ್ನೆಲ್ಲ ಬಾಯಿಗೆ ತಂದು ಬೈದರು. ನಡುವೆ ಸಿಕ್ಕಿಕೊಂಡ ಕೆಮ್ಮೈರದ ಕಾಲಿನಲ್ಲಿ ಬಾಳು ಇನ್ನೂ ಹಾಗೇ ಇತ್ತು. ಅದು ಒದ್ದ ಏಟಿಗೆ ಅಪ್ಪನ ಎಡಗೈ ವಾಚಿನ ಕೆಳಗೆ ಸೀಳಿತು. ರಕ್ತ ಚಿಮ್ಮಿತು. ನಾನು ಬೊಳ್ಳೆಯನ್ನು ಒಂದು ಕೈಯಲ್ಲಿ ಹಿಡಿದೇ ಕಲ್ಲೆತ್ತಿ ಬೀಸಿದೆ. ನನ್ನ ಗುರಿ ತಪ್ಪುತ್ತಿರಲಿಲ್ಲ. ಶೇಖರಣ್ಣನ ಕಿವಿಯ ಮೇಲೆ ಬಿತ್ತು, ಅವರು ತಲೆ ಹಿಡಿದು ಕುಳಿತರು.

ಹಮೀದಾಕ ಸಲಿಕೆ ಹಿಡಿದು ಓಡಿಬಂದು ಅದರ ಹಿಡಿಯಿಂದಲೇ ಇಬ್ಬರಿಗೂ ಒಂದೊಂದು ಬಿಟ್ಟರು. ಊರಿನ ಗಂಟೆಯೂ ಬೇಡ, ಸೂರ್ಯನೂ ಬೇಡ, ಇಲ್ಲಿ ಹೊತ್ತು ಹೇಳುವುದು ಮಸೀದಿಯ ಬಾಂಗು ಎಂದು ಗದರಿಸಿದರು. ಅಪ್ಪನ ಕೈಗೆ ತಮ್ಮ ಹೆಗಲ ಬೈರಾಸು ವಸ್ತ್ರವನ್ನು ಸುತ್ತಿ ಬಿಗಿದು ಕಟ್ಟಿದರು. ಆಮೇಲೆ ಎಲ್ಲರೂ ನನ್ನತ್ತ ನೋಡಿದರು. ಬೊಳ್ಳೆಗೆ ಜೀವ ಇತ್ತು. ಕಣ್ಣು ತೆರೆದು ಮುಚ್ಚುತ್ತಿತ್ತು.

ಶೇಖರಣ್ಣ ಕಿವಿಯ ರಕ್ತ ಒರೆಸಿಕೊಂಡು, "ನನಗೆ ಬೇಡ ವಿಶ್ವ. ಮಗು ಇಟ್ಕೊಳ್ಳಲಿ. ಹೊಲಿದ್ರೆ ಬದುಕಬಹುದು" ಎಂದರು.

ಅಷ್ಟು ಸಾಕಾಗಿತ್ತು. ಅಪ್ಪ ಹೂಂ ಎಂದಿದ್ದರೆ ಸಾಕಾಗಿತ್ತು. ಅಪ್ಪ ನನ್ನ ಹತ್ತಿರ ಬಂದು ಗಾಯವಾಗದ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಕೊಡು. ಸೋತ ಕೋಳಿ ಅವನ ಪಾಲು. ಗಂಟೆ ಸುಳ್ಳಾಯ್ತು, ಕಟ್ಟಳೆಯೂ ಸುಳ್ಳಾಗುದು ಬೇಡ."

ಹಮೀದಾಕ ಬಿಸ್ಮಿ ಹೇಳಿ ಕೊಯ್ದರು. ಅಮ್ಮ ಎಂದಿನಂತೆ ಹುರಿದ ತೆಂಗಿನಕಾಯಿಯ ಮಸಾಲೆ, ಊರಿನಿಂದ ತರಿಸಿದ ಒಣ ರೊಟ್ಟಿ ಹಿಡಿದುಕೊಂಡು ತಗ್ಗಿಗೆ ಇಳಿದು ಬಂದಳು. ಒಲೆಯ ಬಳಿ ಬಿದ್ದ ಬಿಳಿ ಗರಿಗಳನ್ನೂ ನನ್ನನ್ನೂ ನೋಡಿ, ಮಗಳ ಕೈಯಿಂದ ಕಿತ್ತು ಕೊಟ್ಟಿರಾ ಎಂದು ಅಪ್ಪನನ್ನು ಕೇಳಿದಳು. ಮತ್ತೆ ಬಹಳ ದಿನ ಅವನ ಜೊತೆ ಮಾತಾಡಲಿಲ್ಲ. ನಾನು ಆ ಸಾರು ಮುಟ್ಟಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಹಸಿವಾಗಿತ್ತು, ರೊಟ್ಟಿ ಮೆತ್ತಗೆ ನೆನೆದಿತ್ತು, ಅಳುತ್ತಲೇ ತಿಂದೆ. ತುಂಡು ಮುಟ್ಟದೆ ಎದ್ದವನು ಅಪ್ಪ ಒಬ್ಬನೇ.

ಮರುದಿನ ಪೈಪಿನ ಬಾಯಿ ತೆರೆದರು. ಅಂಥ ಸದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. ನೊರೆ ಕಾರುತ್ತ ನುಗ್ಗಿದ ನೀರು ದೊಡ್ಡಿಯ ತಗಡುಗಳನ್ನು ಬುಡಸಮೇತ ಕಿತ್ತಿತು, ಒಲೆಯ ಕಲ್ಲುಗಳನ್ನು ನುಂಗಿತು, ಬಿಲಗಳಿಂದ ಹೊರಬಿದ್ದ ಹಲ್ಲಿಗಳನ್ನು ಕೊಚ್ಚಿಕೊಂಡು ಹೋಯಿತು. ಹೊಡೆದಾಡಲು ಬಂದ ರಸ್ತೆಯಾಚೆಯ ಮಕ್ಕಳೂ ನಾವೂ ದಂಡೆಯ ಮೇಲೆ ಒಟ್ಟಿಗೆ ನಿಂತು ನೋಡಿದೆವು. ಕೈಯಲ್ಲಿದ್ದ ಕಲ್ಲುಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಅಪ್ಪನೂ ಶೇಖರಣ್ಣನೂ ಆಮೇಲೆ ರಾಜಿಯಾದರು. ಹಬ್ಬಕ್ಕೆ ಸಿಹಿ ಹಂಚಿಕೊಂಡರು, ಮಾಲಿನಲ್ಲಿ ಸಿಕ್ಕರೆ ಕೈ ಕುಲುಕಿದರು. ಆದರೆ ಮನಬಿಚ್ಚಿ ಬೈದುಕೊಳ್ಳುವ, ಮಣ್ಣಿನಲ್ಲಿ ಬಿದ್ದು ಗುದ್ದಾಡುವ ಹಕ್ಕು ಅವರಿಬ್ಬರ ನಡುವೆ ಮತ್ತೆ ಉಳಿಯಲಿಲ್ಲ. ಹಮೀದಾಕ ಅಲ್ ಶಮಾಲಿಗೆ ಹೋದವರು ಅಲ್ಲಿಂದಲೇ ಊರಿಗೆ ಹೋದರಂತೆ. ಬೋರೆ ಮರದ ತುದಿ ಕೆಲವು ವರ್ಷ ನೀರಿನ ಮೇಲೆ ಒಣಗಿ ನಿಂತಿತ್ತು, ಒಂದು ದಿನ ಅದೂ ಕಾಣಲಿಲ್ಲ. ಅಷ್ಟು ಕ್ರೂರವಾದ ಜಾಗ ಹೋದದ್ದು ಒಳ್ಳೆಯದೇ ಆಯಿತು ಎಂದು ನನ್ನ ಗಂಡ ಹೇಳುತ್ತಾನೆ. ವಾದದಲ್ಲಿ ಅವನೇ ಸರಿ. ಆದರೂ ಹುಬ್ಬಿನ ಕಲೆ ಮುಟ್ಟಿದರೆ ಆ ತಗ್ಗು ನನಗೆ ಬೇಕು ಅನಿಸುತ್ತದೆ, ಅದರ ಹಿಕ್ಕೆ, ಹಣ್ಣು, ಹೊಡೆತ ಎಲ್ಲ ಸೇರಿ.

ನೀರು ಅರ್ಧ ತುಂಬಿದ ದಿನಗಳಲ್ಲೊಮ್ಮೆ ಅಪ್ಪ ನನ್ನನ್ನು ದಂಡೆಗೆ ಕರೆದುಕೊಂಡು ಹೋದ. ಕೈಯ ಹೊಲಿಗೆ ಬಿಚ್ಚಿದ್ದರು, ಗಾಯದ ಮೇಲೆ ವಾಚು ಮತ್ತೆ ಏರಿತ್ತು.

"ಇಲ್ಲಿ ಈಗ ಗಂಟೆ ಎಷ್ಟು ಮಗಾ?" ಎಂದು ಕೇಳಿದ.

ನಾನು ನನ್ನ ಶಾಲೆಯ ವಾಚು ನೋಡಿ ಹೇಳಿದೆ. ಅಪ್ಪ ಕೀಲಿ ಎಳೆದು ತನ್ನ ವಾಚಿನ ಮುಳ್ಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಿರುಗಿಸಿ ನನ್ನ ಗಂಟೆಗೆ ತಂದು ನಿಲ್ಲಿಸಿದ. ಅಂದಿನಿಂದ ಅವನು ಯಾವ ಹೊತ್ತನ್ನೂ ತಪ್ಪಾಗಿ ಹೇಳಲಿಲ್ಲ. ಅಜ್ಜಿ ಈಗ ದೀಪ ಹಚ್ಚಿರ್ತಾರೆ ಎನ್ನುವುದನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ.